ಬಿಸಿ ಮಾಡಿದರೆ ಗಟ್ಟಿಯಾದ ಚಾಕೊಲೇಟು

ಕಳೆದ ವರ್ಷದ ಅಭ್ಯಾಸ ಬೋಧನೆಯ ಎರಡನೇ ವಾರ. ಪುತ್ತೂರು ಕಡೆಯ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ ವೀಕ್ಷಣಾ ಪುಸ್ತಕ ತೆರೆದುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಾಠದ ವಿಷಯ ದ್ರವ್ಯದ ಸ್ಥಿತಿ ಬದಲಾವಣೆ. ನಮ್ಮ ಪ್ರಶಿಕ್ಷಣಾರ್ಥಿ ಮೇಜಿನ ಮೇಲೆ ಒಂದು ಸ್ಲೋ ಕುಕ್ಕರ್ ಇಟ್ಟಿದ್ದರು. ಈ ಪಾಠಕ್ಕೆ ಮೇಣದಬತ್ತಿ ಮತ್ತು ಮಂಜುಗಡ್ಡೆಯನ್ನೇ ಪ್ರತಿ ವರ್ಷ ನೋಡಿ ಬೇಸತ್ತಿದ್ದ ನನಗೆ, ಪಾಠಯೋಜನೆ ತಿದ್ದುವಾಗಲೇ ಇದು ಹಿಡಿಸಿತ್ತು. ಚಾಕೊಲೇಟು ಕರಗಿಸುವುದು, ಹುರಿದ ನೆಲಗಡಲೆ ಬೆರೆಸುವುದು, ಚಮಚದಲ್ಲಿ ಬೆಣ್ಣೆಕಾಗದದ ಮೇಲೆ ಬಿಡುವುದು, ಅದು ಮತ್ತೆ ಗಟ್ಟಿಯಾಗುವುದನ್ನು ಮಕ್ಕಳಿಗೆ ತೋರಿಸುವುದು. ಘನ, ದ್ರವ, ಮತ್ತೆ ಘನ. ಕೊನೆಗೆ ಎಲ್ಲರಿಗೂ ಒಂದೊಂದು ಮಿಠಾಯಿ.

ಪೀಠಿಕೆ ಚೆನ್ನಾಗಿಯೇ ಆಯಿತು. ಮಡಿಕೇರಿ, ಊಟಿ ಪ್ರವಾಸದಲ್ಲಿ ಮಕ್ಕಳು ಕಂಡಿದ್ದ ‘ಹೋಂಮೇಡ್ ಚಾಕೊಲೇಟ್’ ಅಂಗಡಿಗಳಿಂದ ಶುರು ಮಾಡಿದರು. ಹದಿನೈದನೇ ನಿಮಿಷಕ್ಕೆ ಮುಚ್ಚಳ ತೆಗೆದಾಗ ಚಾಕೊಲೇಟು ಕನ್ನಡಿಯಂತೆ ಹೊಳೆಯುತ್ತಿತ್ತು. ಕಲಕಿ, ಮುಚ್ಚಿ, ಹಲಗೆಯ ಮೇಲೆ ಚಿತ್ರ ಬರೆದರು. ಇಪ್ಪತ್ತೈದನೇ ನಿಮಿಷಕ್ಕೆ ಮತ್ತೆ ಮುಚ್ಚಳ ಎತ್ತಿದಾಗ ಅದರ ಅಂಚಿನಿಂದ ನಾಲ್ಕಾರು ಹನಿ ನೀರು ಒಳಕ್ಕೆ ಜಾರಿತು. ಅದನ್ನು ನಾನು ನೋಡಿದೆ, ಅವರು ನೋಡಲಿಲ್ಲ. ಚಮಚ ಹಾಕಿ ಕಲಕುತ್ತಿದ್ದಂತೆ ಆ ಹೊಳಪಿನ ದ್ರವ ಮಂಕಾಯಿತು, ಒಂದೇ ನಿಮಿಷದಲ್ಲಿ ಪುಟ್ಟಿಗೆ ಕಲಸಿದ ಹಿಟ್ಟಿನಂತೆ ತರಿತರಿಯಾಗಿ ಚಮಚಕ್ಕೆ ಅಂಟಿಕೊಂಡಿತು. ಅವರು ಗಾಬರಿಯಿಂದ ಗುಬ್ಬಿಯನ್ನು ‘ಲೋ’ನಿಂದ ‘ಹೈ’ಗೆ ತಿರುಗಿಸಿದರು. ಮುದ್ದೆ ಇನ್ನಷ್ಟು ಗಟ್ಟಿಯಾಯಿತು.

ಆಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದಳು: “ಟೀಚರ್, ಬಿಸಿ ಆದ್ರೆ ನೀರಾಗ್ಬೇಕಲ್ವಾ? ಇದೆಂತ ಗಟ್ಟಿ ಆದದ್ದು?”

“ಅದನ್ನು ಆಮೇಲೆ ನೋಡುವ, ಕೂತ್ಕೊ” ಎಂದರು. ಕುಕ್ಕರಿನ ಮುಚ್ಚಳ ಹಾಕಿ ಪಠ್ಯಪುಸ್ತಕದ ಪುಟ ತೆಗೆಸಿದರು. ಉಳಿದ ಹನ್ನೆರಡು ನಿಮಿಷ ಓದಿಸಿ, ಕಪ್ಪುಹಲಗೆ ಸಾರಾಂಶ ಬರೆಸಿ ಪಾಠ ಮುಗಿಸಿದರು. ನಾನು ವೀಕ್ಷಣಾ ಪುಸ್ತಕದಲ್ಲಿ “ಪ್ರಾತ್ಯಕ್ಷಿಕೆ ವಿಫಲ. ಸಾಮಗ್ರಿಗಳ ಪೂರ್ವಸಿದ್ಧತೆ ಸಾಲದು” ಎಂದು ಬರೆದು ಅಂಕ ಹಾಕಿದೆ. ಒಳ್ಳೆಯ ಅಂಕವಲ್ಲ.

ಸ್ಟಾಫ್ ರೂಮಿಗೆ ಬಂದು ಅವರು ಕೇಳಿದ್ದು ಅಂಕದ ಬಗ್ಗೆ ಅಲ್ಲ. “ಮೇಡಂ, ನಿಜಕ್ಕೂ ಅದು ಯಾಕೆ ಗಟ್ಟಿಯಾಯಿತು?” ನನ್ನ ಬಳಿ ಉತ್ತರ ಇರಲಿಲ್ಲ. “ನೀರು ಬಿತ್ತಲ್ಲ, ಅದಕ್ಕೆ” ಎಂದೆ. “ನೀರು ಬಿದ್ದರೆ ತೆಳ್ಳಗಾಗಬೇಕಲ್ಲ ಮೇಡಂ?” ಎಂದರು. ಇಪ್ಪತ್ತು ವರ್ಷ ವಿಜ್ಞಾನ ಬೋಧನಾಶಾಸ್ತ್ರ ಕಲಿಸಿದವಳು ನಾನು. ತರಗತಿಯ ಹುಡುಗಿ ಕೇಳಿದ ಪ್ರಶ್ನೆಯೇ ಇನ್ನೊಂದು ರೂಪದಲ್ಲಿ ನನ್ನ ಮುಂದೆ ನಿಂತಿತ್ತು, ನನಗೂ “ಆಮೇಲೆ ನೋಡುವ” ಎನ್ನಬೇಕಾಯಿತು. ಆಮೇಲೆ ನಿಜವಾಗಿ ನೋಡಿದ್ದರಿಂದಲೇ ಈ ಲೇಖನ.

ಮೊದಲು ಉಪಕರಣದ ಮಾತು. ಸ್ಲೋ ಕುಕ್ಕರ್ ನಮ್ಮ ಕಡೆ ಅಷ್ಟು ಬಳಕೆಯಲ್ಲಿಲ್ಲ. ಅದು ಅಮೆರಿಕದ ಅಡುಗೆಮನೆಯ ವಸ್ತು. ಇರ್ವಿಂಗ್ ನ್ಯಾಕ್ಸನ್ ಎಂಬಾತ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ರೈವಲ್ ಕಂಪನಿ 1971ರಲ್ಲಿ ‘ಕ್ರಾಕ್-ಪಾಟ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ ಮೇಲೆ ಮನೆಮಾತಾಯಿತು. ಹೊರಗೊಂದು ಲೋಹದ ಕವಚ, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಅವೆರಡರ ನಡುವೆ ಹೆಚ್ಚಾಗಿ ಬದಿಗಳಲ್ಲಿ ಸುತ್ತಿದ ಕಡಿಮೆ ಶಕ್ತಿಯ ತಾಪಕ ತಂತಿ. ಪಿಂಗಾಣಿ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ನಮ್ಮ ಅಜ್ಜಿಯರು ಬೂದಿ ಮುಚ್ಚಿದ ಕೆಂಡದ ಮೇಲೆ ಮಣ್ಣಿನ ಮಡಕೆ ಇಟ್ಟು ರಾತ್ರಿಯಿಡೀ ಬೇಯಿಸುತ್ತಿದ್ದರಲ್ಲ, ಅದೇ ತತ್ತ್ವ. ಅಲ್ಲಿನ ಮನೆಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಇದರಲ್ಲಿ ನೆಲಗಡಲೆಯ ಮೇಲೆ ಚಾಕೊಲೇಟಿನ ತುಂಡು ಹರಡಿ, ತಾನಾಗಿ ಕರಗಲು ಬಿಟ್ಟು, ಕಲಕಿ ಮಿಠಾಯಿ ಮಾಡುವುದು ರೂಢಿ. ನಮ್ಮ ಪ್ರಶಿಕ್ಷಣಾರ್ಥಿಗೆ ಆ ಕುಕ್ಕರ್ ಕೊಟ್ಟದ್ದು ಅಲ್ಲಿಂದ ಬಂದಿದ್ದ ಅವರ ಚಿಕ್ಕಮ್ಮ.

ಅಲ್ಲಿಂದ ತಂದ ಕುಕ್ಕರ್ 120 ವೋಲ್ಟಿನದು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಕುಕ್ಕರಿನ ವ್ಯಾಟಿಗಿಂತ ಹೆಚ್ಚು ತಾಳುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅವರು ಅದನ್ನು ಮೊದಲೇ ಹೊಂದಿಸಿಕೊಂಡಿದ್ದರು. ಪೂರ್ವಸಿದ್ಧತೆ ಸಾಲದು ಎಂದು ಬರೆದ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮಿಬ್ಬರಿಗೂ ಇತ್ತು. ‘ಲೋ’ ಎಂದರೆ ಕಡಿಮೆ ತಾಪ, ‘ಹೈ’ ಎಂದರೆ ಹೆಚ್ಚು ತಾಪ ಎಂದು. ಹಲವು ಮಾದರಿಗಳಲ್ಲಿ ಎರಡೂ ಕೊನೆಗೆ ತಲುಪುವುದು ಕುದಿಯುವುದಕ್ಕೆ ಸ್ವಲ್ಪ ಕೆಳಗಿನ ಒಂದೇ ಮಟ್ಟವನ್ನು. ‘ಲೋ’ನಲ್ಲಿ ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕು, ಅಷ್ಟೇ. ಹುರುಳಿಸಾರಿಗೆ ಇದರಿಂದ ತೊಂದರೆಯಿಲ್ಲ. ಚಾಕೊಲೇಟಿಗೆ ತೊಂದರೆ ಇದೆ, ಏಕೆಂದರೆ ಅದು 50 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕೆಡಲು ಶುರುವಾಗುತ್ತದೆ. ಹಾಲು ಬೆರೆತ ಚಾಕೊಲೇಟು ಇನ್ನೂ ಬೇಗ. ಹಾಗಾಗಿ ಸ್ಲೋ ಕುಕ್ಕರಿನಲ್ಲಿ ಚಾಕೊಲೇಟು ಕರಗಿಸುವುದೆಂದರೆ ಅದು ಏರುವ ಹಾದಿಯಲ್ಲೇ ಸರಿಯಾದ ಹೊತ್ತಿಗೆ ಸ್ವಿಚ್ ಆರಿಸುವುದು. ತಂತಿ ಬದಿಯಲ್ಲಿರುವುದರಿಂದ ಅಂಚು ಮೊದಲು ಸುಡುತ್ತದೆ, ನಡುವಿನ ತುಂಡು ಆಗಲೂ ಗಟ್ಟಿಯಾಗಿಯೇ ಇರುತ್ತದೆ. ಕಲಕಬೇಕಾದದ್ದು ಅದಕ್ಕೇ.

ಆ ಶನಿವಾರ ಮಧ್ಯಾಹ್ನ ಹಾಸ್ಟೆಲಿನ ಅಡುಗೆಮನೆಯಲ್ಲಿ ನಾವಿಬ್ಬರೂ ಕುಳಿತೆವು. ಪ್ರಯೋಗಾಲಯ ಬಿಟ್ಟು ಅಡುಗೆಮನೆಗೆ ಹೋದದ್ದು ಬೇಕೆಂದೇ. ಪ್ರಯೋಗಾಲಯದ ಬೀಕರು, ಗಾಜಿನ ಕಡ್ಡಿ, ಥರ್ಮಾಮೀಟರು ಯಾವುದೂ ತಿನ್ನುವ ಪದಾರ್ಥಕ್ಕೆ ತಾಗಕೂಡದು, ಪಾದರಸದ ಥರ್ಮಾಮೀಟರಂತೂ ಹತ್ತಿರಕ್ಕೂ ಬರಬಾರದು. ಈ ಎಚ್ಚರ ನಮ್ಮ ಪಾಠಯೋಜನೆಗಳಲ್ಲಿ ಕಾಣುವುದೇ ಅಪರೂಪ. ಅಡುಗೆಗೆಂದೇ ಸಿಗುವ ಡಿಜಿಟಲ್ ಥರ್ಮಾಮೀಟರು ತರಿಸಿಕೊಂಡೆವು.

ನಾಲ್ಕು ಸ್ಟೀಲ್ ಬಟ್ಟಲುಗಳಲ್ಲಿ ತಲಾ 50 ಗ್ರಾಂ ಚಾಕೊಲೇಟು. ಮೊದಲನೆಯದನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಸುಮ್ಮನೆ ಕರಗಿಸಿದೆವು. ಎರಡನೆಯದನ್ನು ಹಾಗೆಯೇ ಕರಗಿಸಿ ಅರ್ಧ ಟೀ ಚಮಚ ನೀರು ಹಾಕಿದೆವು. ಮೂರನೆಯದಕ್ಕೆ ನೀರು ತಾಗಿಸದೆ ಒಲೆಯ ಮೇಲೆ ನೇರವಾಗಿ ಇಟ್ಟು ಹೆಚ್ಚು ಕಾಯಿಸಿದೆವು. ನಾಲ್ಕನೆಯದಕ್ಕೆ ನೀರಿನ ಬದಲು ಅರ್ಧ ಟೀ ಚಮಚ ತೆಂಗಿನೆಣ್ಣೆ. ಎಣ್ಣೆಯ ಬಟ್ಟಲು ಪ್ರಶಿಕ್ಷಣಾರ್ಥಿಯ ಆಲೋಚನೆ. “ದ್ರವ ಬಿದ್ದದ್ದಕ್ಕೆ ಹೀಗಾಯಿತೋ, ನೀರು ಬಿದ್ದದ್ದಕ್ಕೆ ಹೀಗಾಯಿತೋ ಗೊತ್ತಾಗಬೇಕಲ್ಲ ಮೇಡಂ” ಎಂದರು. ಚರಾಂಶಗಳ ನಿಯಂತ್ರಣದ ಬಗ್ಗೆ ನಾನು ಕೊಡುವ ಉಪನ್ಯಾಸಕ್ಕಿಂತ ಅದು ಚೆನ್ನಾಗಿತ್ತು.

ಮೊದಲನೆಯದು ಹೊಳೆಯುತ್ತಾ ಉಳಿಯಿತು. ಎರಡನೆಯದು ತರಗತಿಯಲ್ಲಿ ಆದಂತೆಯೇ ಮುದ್ದೆಗಟ್ಟಿತು. ಮೂರನೆಯದು ದಪ್ಪಗಾಗಿ, ಕಾಳುಕಾಳಾಗಿ, ಸುಟ್ಟ ವಾಸನೆ ಬಂತು. ನಾಲ್ಕನೆಯದು ಮೊದಲಿಗಿಂತ ತೆಳ್ಳಗಾಯಿತು. ಅಂದರೆ ಚಾಕೊಲೇಟು ಗಟ್ಟಿಯಾಗಲು ಎರಡು ಬೇರೆ ಬೇರೆ ದಾರಿಗಳಿವೆ, ಒಂದು ನೀರು, ಇನ್ನೊಂದು ಅತಿ ತಾಪ. ತರಗತಿಯಲ್ಲಿ ಶುರುವಾದದ್ದು ನೀರಿನಿಂದ. ಗುಬ್ಬಿಯನ್ನು ‘ಹೈ’ಗೆ ತಿರುಗಿಸಿದ್ದು ಅದಕ್ಕೆ ಮದ್ದಲ್ಲ.

ನೀರು ಹೀಗೇಕೆ ಮಾಡುತ್ತದೆ ಎಂಬುದನ್ನು ಬಿಡಿಸಿಕೊಟ್ಟದ್ದು ಹಾಸ್ಟೆಲಿನ ಅಡುಗೆಯ ಅಕ್ಕ. ಬಟ್ಟಲು ಬಗ್ಗಿಸಿ ನೋಡಿ, “ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದ ಹಾಗೆ ಆಯ್ತಲ್ಲ ಮೇಡಂ” ಎಂದರು. ಹೌದು, ಅದೇ. ಚಾಕೊಲೇಟು ಕರಗಿದಾಗ ಅದರಲ್ಲಿ ಎಲ್ಲವೂ ಕರಗುವುದಿಲ್ಲ. ಕರಗುವುದು ಕೊಬ್ಬು ಮಾತ್ರ. ಸಕ್ಕರೆಯ ಮತ್ತು ಕೋಕೋದ ಅತಿ ಸಣ್ಣ ಕಣಗಳು ಘನವಾಗಿಯೇ ಉಳಿದು, ಕರಗಿದ ಕೊಬ್ಬಿನಲ್ಲಿ ತೇಲುತ್ತಿರುತ್ತವೆ. ಪ್ರತಿ ಕಣದ ಸುತ್ತ ಕೊಬ್ಬಿನ ಲೇಪ ಇರುವುದರಿಂದ ಅವು ಒಂದರ ಮೇಲೊಂದು ಜಾರುತ್ತವೆ, ಅದಕ್ಕೇ ಹರಿಯುತ್ತದೆ. ಚಾಕೊಲೇಟಿನಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿಗೆ ನಾಲ್ಕು ಹನಿ ನೀರು ಬಿದ್ದರೆ ಅದು ಕೊಬ್ಬಿನ ಜೊತೆ ಸೇರದು, ಸಕ್ಕರೆಯನ್ನು ಹುಡುಕಿಕೊಂಡು ಹೋಗುತ್ತದೆ. ಸಕ್ಕರೆಯ ಕಣಗಳ ಮೇಲ್ಮೈ ಒದ್ದೆಯಾಗಿ ಅಂಟಂಟಾದ ಪಾಕವಾಗುತ್ತದೆ, ಕಣಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಒಣ ಮರಳು ಕೈಯಿಂದ ಸುರಿದುಹೋಗುತ್ತದೆ, ಸ್ವಲ್ಪ ಒದ್ದೆಯಾದ ಮರಳಿನಲ್ಲಿ ಗೂಡು ಕಟ್ಟಬಹುದು. ಹೊಳೆಯ ದಂಡೆಯಲ್ಲಿ ಆಡಿದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮರಳಿನ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಎಳೆದರೆ? ಮರಳಿಗೆ ಬಹಳ ನೀರು ಬಿದ್ದರೆ ಗೂಡು ಕುಸಿದು ಮತ್ತೆ ಹರಿಯುತ್ತದೆ. ಹಾಗೆಂದುಕೊಂಡು ಎರಡನೇ ಬಟ್ಟಲಿನ ಮುದ್ದೆಗೆ ಬಿಸಿನೀರನ್ನು ಒಂದೊಂದೇ ದೊಡ್ಡ ಚಮಚ ಹಾಕುತ್ತಾ ಕಲಕಿದೆವು. ಮೂರನೇ ಚಮಚಕ್ಕೆ ಅದು ನುಣ್ಣಗೆ, ಹೊಳೆಯುವ ಗೊಜ್ಜಿನಂತಾಯಿತು. ಸಕ್ಕರೆ ಪೂರ್ತಿ ಕರಗುವಷ್ಟು ನೀರು ಸಿಕ್ಕಿತ್ತು. ಆದರೆ ಇದು ಇನ್ನು ಮಿಠಾಯಿಯಾಗಿ ಗಟ್ಟಿಯಾಗದು. ಹಾಲಿಗೆ ಬೆರೆಸಬಹುದು, ಬ್ರೆಡ್ಡಿಗೆ ಹಚ್ಚಬಹುದು.

ಹನಿ ಬಂದದ್ದೆಲ್ಲಿಂದ? ಪಾಠಕ್ಕೆ ಮುನ್ನ ವಿರಾಮದಲ್ಲಿ ಅವರು ಪಾತ್ರೆ, ಮುಚ್ಚಳಗಳನ್ನು ನಲ್ಲಿಯಲ್ಲಿ ತೊಳೆದು ಒರೆಸಿದ್ದರು. ಗಾಜಿನ ಮುಚ್ಚಳದ ಲೋಹದ ಅಂಚಿನ ಸಂದಿಯಲ್ಲಿ ನೀರು ಉಳಿದಿತ್ತು, ಕಾದಾಗ ಆವಿಯಾಗಿ ಮುಚ್ಚಳದ ಒಳಮೈಗೆ ಹತ್ತಿ ಮತ್ತೆ ಹನಿಯಾಯಿತು. ಸ್ಥಿತಿ ಬದಲಾವಣೆಯ ಪಾಠ ಕೆಡಿಸಿದ್ದು ಆವೀಕರಣ ಮತ್ತು ಸಾಂದ್ರೀಕರಣ! ಅದೇ ಅಧ್ಯಾಯದ ಮುಂದಿನ ಪುಟಗಳ ವಿಷಯ. ಅಮೆರಿಕದ ಗೃಹಿಣಿಯರು ಮುಚ್ಚಳದ ಕೆಳಗೆ ಒಣ ಬಟ್ಟೆ ಹಾಸುವುದು ಇದಕ್ಕೇ ಎಂದು ಆಮೇಲೆ ತಿಳಿಯಿತು. ನಾವೂ ಇಡ್ಲಿ ಅಟ್ಟದ ಮೇಲೆ ಬಟ್ಟೆ ಮುಚ್ಚುತ್ತೇವಲ್ಲ.

ಪಾಠಯೋಜನೆಯಲ್ಲಿ ನಾನು ತಿದ್ದದೆ ಬಿಟ್ಟ ಒಂದು ವಾಕ್ಯವೂ ಇತ್ತು: “ಚಾಕೊಲೇಟಿನ ಕರಗುವ ಬಿಂದು 34 ಡಿಗ್ರಿ ಸೆಲ್ಸಿಯಸ್.” ಇದು ಪೂರ್ತಿ ಸುಳ್ಳಲ್ಲ, ಆದರೆ ಮಕ್ಕಳ ಮುಂದೆ ಹೀಗೆ ಇಡಬಾರದು. ನಿಶ್ಚಿತ ಕರಗುವ ಬಿಂದು ಇರುವುದು ಶುದ್ಧ ವಸ್ತುವಿಗೆ. ಚಾಕೊಲೇಟು ಮಿಶ್ರಣ, ಅದರ ಕೊಬ್ಬೂ ಹಲವು ಕೊಬ್ಬುಗಳ ಮಿಶ್ರಣ. ಅದು ಒಂದು ವ್ಯಾಪ್ತಿಯಲ್ಲಿ ಮೆದುವಾಗುತ್ತಾ ಕರಗುತ್ತದೆ. ಸಾಲದ್ದಕ್ಕೆ, ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು, ಪ್ರತಿ ಬಗೆ ಕರಗುವ ತಾಪ ಬೇರೆ. ಅಂಗಡಿಯ ಒಳ್ಳೆಯ ಚಾಕೊಲೇಟಿನಲ್ಲಿ ಇರುವುದು ಐದನೆಯ ಬಗೆ. ಅದು ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ, ಅಂದರೆ ಕೈಯಲ್ಲಿ ಗಟ್ಟಿ, ಬಾಯಲ್ಲಿ ನೀರು. ಆ ಹರಳನ್ನೇ ಪಡೆಯಲು ಕಪ್ಪು ಚಾಕೊಲೇಟನ್ನು 45ರಿಂದ 50 ಡಿಗ್ರಿಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸುತ್ತಾರೆ. ಇದಕ್ಕೆ ಟೆಂಪರಿಂಗ್ ಎನ್ನುತ್ತಾರೆ. ಹೀಗೆ ಮಾಡದೆ ಸುಮ್ಮನೆ ಆರಲು ಬಿಟ್ಟರೆ ಮಂಕಾಗಿ, ಕೈ ತಾಗಿದರೆ ಕರಗುವ ಮಿಠಾಯಿ ಸಿಗುತ್ತದೆ. ಕೆಲವು ದಿನಗಳಲ್ಲಿ ಮೇಲೆ ಬಿಳಿ ಪದರ ಬರುತ್ತದೆ. ಮಕ್ಕಳು ಅದನ್ನು ಬೂಷ್ಟು ಎಂದು ಎಸೆಯುತ್ತಾರೆ, ಅದು ಮೇಲಕ್ಕೆ ಬಂದು ಮತ್ತೆ ಹರಳಾದ ಕೊಬ್ಬು.

ನಮ್ಮ ಊರಿನ ತರಗತಿಯ ಕೋಣೆಯೇ 30 ಡಿಗ್ರಿ ದಾಟಿರುವಾಗ 27ಕ್ಕೆ ಇಳಿಸುವುದು ಸುಲಭವಲ್ಲ. ಆದ್ದರಿಂದ ಶಾಲೆಗೆ ನಾನು ಹೇಳುವುದು ‘ಕಾಂಪೌಂಡ್’ ಎಂದು ಮಾರುವ ಗಟ್ಟಿಗಳನ್ನು. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಸಾಮಾನ್ಯವಾಗಿ ತಾಳೆಬೀಜದ ಎಣ್ಣೆಯಂಥ ಸಸ್ಯಕೊಬ್ಬು ಇರುತ್ತದೆ, ಟೆಂಪರಿಂಗ್ ಇಲ್ಲದೆಯೇ ಗಟ್ಟಿಯಾಗುತ್ತದೆ. ರುಚಿ ಅಷ್ಟಕ್ಕಷ್ಟೆ. ನಮ್ಮ ಮಕ್ಕಳಿಗೆ ಇದನ್ನು ಹೇಳಿಯೇ ಕೊಡಬೇಕು, ಏಕೆಂದರೆ ಅವರಲ್ಲಿ ಹಲವರ ಅಡಿಕೆ ತೋಟದಲ್ಲಿ ಕೊಕ್ಕೋ ಗಿಡ ಇದೆ. ಬೀಜದ ಸುತ್ತಲಿನ ಬಿಳಿ ಸಿಹಿ ತಿರುಳನ್ನು ಚೀಪಿ ಬೆಳೆದವರು ಅವರು. ಕ್ಯಾಂಪ್ಕೊ ಪುತ್ತೂರಿನಲ್ಲಿ 1986ರಲ್ಲಿ ತೆರೆದ ಚಾಕೊಲೇಟು ಕಾರ್ಖಾನೆಯ ಮುಂದೆ ಹಾದುಹೋಗುವವರು. ಆದರೂ ಆ ಬೀಜವನ್ನು ಹುದುಗು ಬರಿಸಿ, ಒಣಗಿಸಿ, ಹುರಿದು, ಅರೆದಾಗ ಬರುವ ಕೊಬ್ಬೇ ಚಾಕೊಲೇಟನ್ನು ಬಾಯಲ್ಲಿ ಕರಗಿಸುವುದು ಎಂದು ಆ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡನೇ ಬಾರಿ ಪಾಠ ಮಾಡುವಾಗ ಅಂಕ ಇರಲಿಲ್ಲ, ನಾನು ವೀಕ್ಷಣಾ ಪುಸ್ತಕ ಒಯ್ಯಲಿಲ್ಲ. ಮುಖ್ಯೋಪಾಧ್ಯಾಯರನ್ನು ಕೇಳಿ ಜೋಡಿ ಅವಧಿ ಪಡೆದೆವು. 40 ನಿಮಿಷದ ಅವಧಿಯೊಳಗೆ ನಿಧಾನದ ಕುಕ್ಕರನ್ನು ತುರುಕಿದ್ದೇ ಮೊದಲ ಪಾಠದ ಅವಸರಕ್ಕೆ ಅರ್ಧ ಕಾರಣ ಎಂದು ಈಗ ಅನಿಸುತ್ತದೆ. ಯೋಜನೆಗೆ ಸಹಿ ಹಾಕಿದವಳು ನಾನೇ. ಹಿಂದಿನ ದಿನವೇ ನೆಲಗಡಲೆ ತಿಂದರೆ ಯಾರಿಗಾದರೂ ಅಲರ್ಜಿ ಇದೆಯೇ ಎಂದು ವಿಚಾರಿಸಿದೆವು. ಇದ್ದರೆ ಅಡುಗೆಗೆ ಹುರಿಗಡಲೆಯೋ ಮಂಡಕ್ಕಿಯೋ ಹಾಕಬಹುದು, ಆಗ ನೆಲಗಡಲೆ ಆ ಕೋಣೆಗೇ ಬರಬಾರದು.

ಅಳತೆ ಹೀಗಿತ್ತು: ಸಣ್ಣಗೆ ಕೊಚ್ಚಿದ ಕಾಂಪೌಂಡ್ 500 ಗ್ರಾಂ, ಹುರಿದು ಸಿಪ್ಪೆ ತೆಗೆದ ನೆಲಗಡಲೆ 250 ಗ್ರಾಂ. ಪಾತ್ರೆ, ಮುಚ್ಚಳ, ಚಮಚ ಹಿಂದಿನ ರಾತ್ರಿಯೇ ತೊಳೆದು ಬಿಸಿಲಿಗೆ ಒಣಗಿಸಿದ್ದು. ಮುಚ್ಚಳದ ಕೆಳಗೆ ದಪ್ಪ ಹತ್ತಿಬಟ್ಟೆ. ‘ಲೋ’ನಲ್ಲಿಟ್ಟು ಹತ್ತು ಹತ್ತು ನಿಮಿಷಕ್ಕೊಮ್ಮೆ ಮಕ್ಕಳೇ ಅಂಚಿನ ತಾಪ, ನಡುವಿನ ತಾಪ ಎರಡನ್ನೂ ನೋಡಿ ಬರೆದರು. ಪಿಂಗಾಣಿಯ ಅಂಚು ಕೈ ಸುಡುತ್ತದೆ, ಆದ್ದರಿಂದ ಥರ್ಮಾಮೀಟರು ಹಿಡಿಯುವವರು ಒಬ್ಬರೇ, ಪಕ್ಕದಲ್ಲಿ ಟೀಚರ್. ಮುಕ್ಕಾಲು ಭಾಗ ಕರಗಿದೊಡನೆ ಸ್ವಿಚ್ ಆರಿಸಿ, ಉಳಿದದ್ದನ್ನು ಪಾತ್ರೆಯ ಬಿಸಿಗೇ ಬಿಟ್ಟರು. ಚಮಚದಲ್ಲಿ ಬಿಟ್ಟಾಗ ನಲವತ್ತು ಮಿಠಾಯಿಗಳಾದವು. ಫ್ರಿಜ್ಜಿನಲ್ಲಿ ಇಡಲಿಲ್ಲ, ತಣ್ಣಗಿನದನ್ನು ನಮ್ಮ ಸೆಖೆಗೆ ತಂದರೆ ಮೇಲೆ ನೀರು ಹನಿಗಟ್ಟಿ ಸಕ್ಕರೆ ಬಿಳಿಚಿಕೊಳ್ಳುತ್ತದೆ. ಅವು ಗಟ್ಟಿಯಾಗುವವರೆಗೆ ಮಕ್ಕಳು ತಾಪ–ಕಾಲದ ನಕ್ಷೆ ಬರೆದರು. ಮಂಜುಗಡ್ಡೆ ಕರಗುವ ನಕ್ಷೆಯಲ್ಲಿ ಇರುವ ಸಮತಟ್ಟು ಗೆರೆ ಇದರಲ್ಲಿ ಯಾಕಿಲ್ಲ ಎಂಬ ಚರ್ಚೆ ಗಂಟೆ ಬಾರಿಸಿದರೂ ಮುಗಿಯಲಿಲ್ಲ.

ಸ್ಲೋ ಕುಕ್ಕರ್ ಇಲ್ಲದವರು ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲು ಇಡಬಹುದು. ಒಲೆ ಆರಿಸಿದ ಮೇಲೆ ಇಡಿ, ಬಟ್ಟಲು ಪಾತ್ರೆಯ ಬಾಯಿಗಿಂತ ಅಗಲವಿರಲಿ, ಆವಿ ಒಳಗೆ ಬಾರದಿರಲಿ.

ಈ ಸಲ ಅವರು ನಾಲ್ಕು ಬಟ್ಟಲುಗಳನ್ನೂ ತಂದಿದ್ದರು. ನೀರು ಹಾಕುವ ಮುನ್ನ ಏನಾಗಬಹುದು ಎಂದು ಹಲಗೆಯ ಮೇಲೆ ಎಲ್ಲರ ಊಹೆ ಬರೆಸಿದರು. ಮೂವತ್ತಾರು ಮಕ್ಕಳಲ್ಲಿ ಹೆಚ್ಚಿನವರು “ತೆಳ್ಳಗಾಗುತ್ತದೆ” ಎಂದರು, ಮೊದಲ ಪಾಠ ನೋಡಿದ್ದರೂ! ಆ ದಿನದ ಮುದ್ದೆಗೂ ನೀರಿಗೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲವಲ್ಲ. ಮೂರನೇ ಸಾಲಿನ ಹುಡುಗಿ ಮಾತ್ರ ಯಾವ ಗುಂಪಿಗೂ ಸೇರದೆ, “ಎಷ್ಟು ನೀರು ಹಾಕ್ತೀರಿ ಅಂತ ಹೇಳಿ ಟೀಚರ್, ಆಮೇಲೆ ಹೇಳ್ತೇನೆ” ಎಂದಳು.

ವೀಕ್ಷಣಾ ಪುಸ್ತಕದ ಆ ಪುಟವನ್ನು ನಾನು ಹರಿಯಲಿಲ್ಲ. ಮೊದಲಿನ ಷರಾದ ಕೆಳಗೆ ದಿನಾಂಕ ಹಾಕಿ ಹೀಗೆ ಬರೆದೆ: “ಪ್ರಾತ್ಯಕ್ಷಿಕೆ ಕೆಟ್ಟದ್ದು ಲೋಪವಲ್ಲ. ವಿದ್ಯಾರ್ಥಿನಿಯ ಪ್ರಶ್ನೆ ಬಿಟ್ಟುಹೋದದ್ದು ಲೋಪ. ಅದನ್ನು ವೀಕ್ಷಕಿಯೂ ಗುರುತಿಸಲಿಲ್ಲ.” ಅಂಕವನ್ನೂ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ ಪ್ರಾಂಶುಪಾಲರಿಗೆ ಕಾರಣ ತಿಳಿಸಿದೆ. ಎರಡನೇ ಬಟ್ಟಲಿನ ಮುದ್ದೆಯನ್ನು ಬಿಸಿನೀರಿನಲ್ಲಿ ಸಡಿಲಿಸಿ, ಮರುದಿನ ಬೆಳಿಗ್ಗೆ ಕ್ಷೀರಭಾಗ್ಯದ ಹಾಲಿಗೆ ಬೆರೆಸಲು ಮುಖ್ಯೋಪಾಧ್ಯಾಯರು ಒಪ್ಪಿದರು. ಮೂವತ್ತಾರು ಲೋಟಕ್ಕೆ 50 ಗ್ರಾಂ ಎಲ್ಲಿಗೆ ಸಾಕು? ಹಾಲಿನ ಬಣ್ಣ ಸ್ವಲ್ಪ ಬದಲಾಯಿತು, ಅಷ್ಟೇ.